ಹಲ್ಲು ತಿಕ್ಕುವ ಪುಡಿ

ನಮ್ಮ ಯಜಮಾನರು ಆದಪ್ಪ ಮಿರಜಿನ ದವಾಖಾನೆಗೆ ಹೋಗುವ ಹಿಂದಿನ ದಿನ ಎಂದಿನಂತೆಯೇ ಇತ್ತು. ಸಾಂಗಲಿ ಪೇಟೆಯಲ್ಲಿ ನಮ್ಮದು ಅರಿಶಿನದ ಅಂಗಡಿ. ಅವರು ಕಟ್ಟೆಯ ಮೇಲೆ ಕುಳಿತು, ಬಾಯಲ್ಲಿ ಬೆರಳಿಟ್ಟು ಮಶೇರಿ ತಿಕ್ಕುತ್ತ, ಹಮಾಲ ಹುಲಿಗೆಪ್ಪನಿಗೆ ಬುದ್ಧಿ ಹೇಳುತ್ತಿದ್ದರು. ಅವನು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚುತ್ತಿದ್ದ.

"ಚಟಾ ಬಿಡಲೇ ಹುಲಿಗ್ಯಾ. ನನ್ನ ನೋಡಿ ಕಲಿ."

"ನಿಮ್ಮ ಬಾಯಾಗೇನೈತ್ರಿ ಸಾವಕಾರ್ರ?"

"ಹಲ್ಲ ತಿಕ್ಕಾಕತ್ತೇನಿ."

ಮಶೇರಿ ಎಂದರೆ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗೆ ಹುರಿದು ಕುಟ್ಟಿದ ಪುಡಿ. ನಮ್ಮ ಕಡೆ ಅದನ್ನು ಯಾರೂ ಚಟ ಎನ್ನುವುದಿಲ್ಲ. ಯಜಮಾನರು ಚಹಾ ಸಹ ಕುಡಿಯುತ್ತಿರಲಿಲ್ಲ. ಹಲ್ಲು ಮಾತ್ರ ಬೆಳಿಗ್ಗೆ ತಿಕ್ಕುತ್ತಿದ್ದರು, ಊಟವಾದ ಮೇಲೆ ತಿಕ್ಕುತ್ತಿದ್ದರು, ಸಂಜೆ ತಿಕ್ಕುತ್ತಿದ್ದರು, ಮಲಗುವ ಮುಂಚೆಯೂ ತಿಕ್ಕುತ್ತಿದ್ದರು. ಅಷ್ಟು ತಿಕ್ಕಿದರೂ ಹಲ್ಲು ಕಪ್ಪಗೇ ಇದ್ದವು.

ಗಲ್ಲದ ಒಳಗಿನ ಹುಣ್ಣು ಮಾಯಲಿಲ್ಲ ಅಂತ ಮಿರಜಿಗೆ ಹೋದೆವು. ಏನೇನು ಚಟ ಇವೆ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು. ಇವರು ಒಂದೂ ಇಲ್ಲ ಎಂದರು. ನಾನೂ ಇಲ್ಲ ಎಂದೆ. ಡಾಕ್ಟರು ಬಾಯಿ ತೆರೆಸಿ ನೋಡಿ, ಹಲ್ಲು ಯಾತರಿಂದ ತಿಕ್ಕುತ್ತೀರಿ ಎಂದು ಕೇಳಿದರು. ಇವರು ಕಿಸೆಯಿಂದ ಡಬ್ಬಿ ತೆಗೆದು ಕೊಟ್ಟರು. ಅದು ವಾಪಸು ಬರಲಿಲ್ಲ.

ಹುಣ್ಣಿನ ತುಣುಕು ತಪಾಸಣೆಗೆ ಹೋಯಿತು. ಕ್ಯಾನ್ಸರ್ ಎಂದು ಬಂತು. ಇನ್ನು ಮಶೇರಿ ಮುಟ್ಟಿದರೆ ಆಪರೇಶನ್ ಮಾಡಿಯೂ ಉಪಯೋಗವಿಲ್ಲ ಎಂದರು.

ಇವರು ಬಿಟ್ಟರು. ಬೆಳಿಗ್ಗೆ ಹೊಟ್ಟೆ ಸಾಫ್ ಆಗಲಿಲ್ಲ. ಉಣ್ಣುವ ತಾಟು ಎತ್ತಿ ಒಗೆದರು. ಒಂದು ಮಧ್ಯಾಹ್ನ ಅತ್ತೆಯ ದಿಂಬಿನ ಕೆಳಗೆ ಕೈ ಹಾಕುವುದನ್ನು ಕಂಡೆ. ಅತ್ತೆ ನೀಲಗಂಗವ್ವನವರೂ ಮಶೇರಿಯಿಂದಲೇ ಹಲ್ಲು ತಿಕ್ಕುವವರು. ಬಾಯಲ್ಲಿ ಹಲ್ಲು ಇಲ್ಲ.

ನನ್ನನ್ನು ನೋಡಿ ಇವರು ಅತ್ತೆಯ ಡಬ್ಬಿ ಹಿಡಿದುಕೊಂಡೇ ಕೆಳಗೆ ಕುಳಿತರು.

"ಇದಕ್ಕ ಚಟಾ ಅಂತಾರೇನ?"

"ಹೂಂನ್ರಿ."

"ಹುಲಿಗ್ಯಾಗ ಹೇಳಬ್ಯಾಡ."

ಡಬ್ಬಿ ನನ್ನ ಕೈಗೆ ಕೊಟ್ಟರು. ಆಮೇಲೆ ಮುಟ್ಟಲಿಲ್ಲ. ಆದರೆ ಹುಣ್ಣು ಆಗಲೇ ಕುತ್ತಿಗೆಗೆ ಇಳಿದಿತ್ತು. ಆಪರೇಶನ್ ಆದ ಮೇಲೆ ಮಾತು ಹೋಯಿತು. ಶ್ರಾವಣದಲ್ಲಿ ಅವರೂ ಹೋದರು.

ಅತ್ತೆಗೂ ಮಶೇರಿ ಬಿಡಿಸಲು ನೋಡಿದೆ. ಅನ್ನ ಬಿಟ್ಟರು. ಗೋಡೆಗೆ ಮುಖ ಮಾಡಿ ಮಲಗಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ.

"ಮಗನ್ನ ತಿಂದಿದ್ದು ಇದ ಅಂತ ಗೊತ್ತೈತಿ ನನಗ," ಎಂದರು. "ಆದ್ರೂ ಕೊಡವಾ."

ದಿನಾ ಬೆಳಿಗ್ಗೆ ಕಿಟಕಿ ತೆರೆದು ಹಂಚು ಇಡುತ್ತೇನೆ. ಸೆರಗಿನಿಂದ ಮೂಗು ಮುಚ್ಚಿಕೊಂಡು ಎಲೆ ಹುರಿಯುತ್ತೇನೆ. ಕುಟ್ಟಿ, ಒಂದು ಚಿಟಿಕೆ ಅವರ ಅಂಗೈಗೆ ಹಾಕುತ್ತೇನೆ. ಹಂಚು ತಿಕ್ಕಿ ತೊಳೆದು ರೊಟ್ಟಿ ಬಡಿಯಲು ಕೂರುತ್ತೇನೆ.