ಬಲೆಯಲ್ಲಿ ನನ್ನದೊಂದು ಪಾಲು

ಬಂಧುಗಳಿಗೆ ಸಾಲ ಕೊಡುವುದಕ್ಕೆ ನಾನು ಕೆಲವು ಕ್ರಮಗಳನ್ನು ಇಟ್ಟುಕೊಂಡಿದ್ದೆ. ಊಟದ ನಡುವೆ ಕೇಳಿದರೆ ಕೊಡುವುದಿಲ್ಲ. ಊಟ ಮುಗಿಸಿ, ಕೈ ತೊಳೆದು, ಕುರ್ಚಿಯಲ್ಲಿ ಕೂತು ಕೇಳಬೇಕು. ಮದುವೆ ಮನೆಯಲ್ಲಿ ಕೇಳಿದರೂ ಕೊಡುವುದಿಲ್ಲ. ಅಲ್ಲಿ ಎಲ್ಲರೂ ಇದ್ದದ್ದಕ್ಕಿಂತ ಶ್ರೀಮಂತರಾಗಿ ಕಾಣುತ್ತಾರೆ. ಔಷಧಕ್ಕೆಂದು ತೆಗೆದಿಟ್ಟದ್ದನ್ನು ಮುಟ್ಟುವುದಿಲ್ಲ. ಕಂತು ತಿಂಗಳ ಮೊದಲ ವಾರದಲ್ಲೇ ಬರಬೇಕು. ಮಲ್ಲಾಪುರದಲ್ಲಿ ನರ್ಸ್ ಆಗಿ ನೌಕರಿ ಮಾಡಿದವಳು ನಾನು. ಪಾಳಿ ಬದಲಾಗುವಾಗ ಮುಂದಿನವರಿಗೆ ಎಲ್ಲವನ್ನೂ ಒಪ್ಪಿಸಿಯೇ ಹೊರಡಬೇಕೆಂಬ ಪದ್ಧತಿ ಮೈಗೆ ಹತ್ತಿಬಿಟ್ಟಿದೆ. ನಿವೃತ್ತಿಯಾಗಿ ಕಾರವಾರದ ಕೋಡಿಬಾಗಕ್ಕೆ ಬಂದ ಮೇಲೂ ಹಾಸಿಗೆಯ ಚಾದರದ ಮೂಲೆಗಳನ್ನು ಆಸ್ಪತ್ರೆಯ ರೀತಿಯಲ್ಲೇ ಮಡಿಸುತ್ತೇನೆ.

ಇಷ್ಟೆಲ್ಲ ಕ್ರಮದಿಂದ ಹಣ ವಾಪಸು ಬರುತ್ತಿತ್ತೇ ಎಂದರೆ, ಕೆಲವು ಸಲ ಬಂದಿದೆ. ಬಾರದಿದ್ದಾಗ ಏನಾಗುತ್ತದೆಂಬುದನ್ನು ಚಿಕ್ಕಪ್ಪನ ಮಗ ತೋರಿಸಿಕೊಟ್ಟ. ರಿಕ್ಷಾ ಕೊಳ್ಳಲು ನನ್ನಿಂದ ಹಣ ಪಡೆದವನು ಒಂದೆರಡು ಕಂತು ಕೊಟ್ಟು ನಿಲ್ಲಿಸಿದ. ನಾನು ಕೇಳಲಿಲ್ಲ. ಆದರೂ ಮದುವೆಗಳಲ್ಲಿ ನಾನು ಕೂತ ಪಂಕ್ತಿ ನೋಡಿ ಅವನು ಬೇರೆ ಪಂಕ್ತಿಗೆ ಹೋಗತೊಡಗಿದ. ಒಮ್ಮೆ ಅಂಕೋಲಾ ಪೇಟೆಯಲ್ಲಿ ನನ್ನನ್ನು ಕಂಡವನೇ ಪಾತ್ರೆ ಅಂಗಡಿಯೊಳಗೆ ನುಗ್ಗಿದ. ನಾನು ಅದೇ ಅಂಗಡಿಯ ಎದುರು ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಬೇಗ ಬರಲಿಲ್ಲ. ಪಾಪ, ಒಳಗೆ ಅಷ್ಟು ಹೊತ್ತು ನಿಂತ ಸಂಕೋಚಕ್ಕೆ ಇಡ್ಲಿ ಪಾತ್ರೆಯೊಂದನ್ನು ಕೊಂಡು ಹೊರಬಂದ. ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದ ಮನುಷ್ಯ ಅವನು. ಹಣ ಹೋದದ್ದನ್ನು ನಾನು ಮರೆತೆ. ಅವನು ಹೋದದ್ದು ಮರೆಯಲಿಲ್ಲ.

ಆದ್ದರಿಂದ ಬೇಲೆಕೇರಿಯ ನನ್ನ ತಮ್ಮ ಹಣ ಕೇಳಿದಾಗ ನನಗೆ ನಿಜಕ್ಕೂ ಅಳುಕಾಯಿತು. ನಮ್ಮದು ಸಮುದ್ರದ ಮೀನುಗಾರಿಕೆಯ ಮನೆ. ನಾನು ಓದಿ ನೌಕರಿಗೆ ಹೋದೆ, ಅವನು ಅಪ್ಪನ ಕಸುಬನ್ನೇ ಹಿಡಿದ. ಅವನದು ಏಂಡಿ ಬಲೆ. ಚಿಕ್ಕ ದೋಣಿಯಲ್ಲಿ ಹೋಗಿ ಬಲೆಯನ್ನು ಸಮುದ್ರದಲ್ಲಿ ಕಮಾನಿನಂತೆ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ದಂಡೆಯಿಂದ ಎಳೆಯುವ ಕೆಲಸ. ಪ್ರತಿ ರವಿವಾರ ಕಾರವಾರದ ಸಂತೆಗೆ ಬಂದವನು ನಮ್ಮಲ್ಲಿ ಊಟ ಮಾಡಿಯೇ ಹೋಗುತ್ತಿದ್ದ. ಬರುವಾಗ ಬಂಗಡೆ ಮೀನೋ, ಶೆಟ್ಲಿ ಎನ್ನುವ ಸೀಗಡಿಯೋ ಚೀಲದಲ್ಲಿರುತ್ತಿತ್ತು. ನನ್ನ ಯಜಮಾನರು ಕೈಗಾ ಅಣುಸ್ಥಾವರದಿಂದ ನಿವೃತ್ತರಾದವರು. ಈಗಲೂ ಮುಂಜಾನೆ ಕಂಪನಿ ಬಸ್ಸಿನ ಹೊತ್ತಿಗೆ ಸ್ನಾನ ಮುಗಿಸಿ ಶರ್ಟ್ ಇನ್ ಮಾಡಿಕೊಂಡು ಗೇಟಿನ ಬಳಿ ನಿಲ್ಲುತ್ತಾರೆ. ತಮ್ಮ ಬಂದ ಕೂಡಲೇ ಕೇಳುತ್ತಿದ್ದ, "ಎಂತಾ ಭಾವಾ, ಬಸ್ಸು ಇವತ್ತೂ ಬಂದಿಲ್ವಾ?"

ಸಾಲ ಕೇಳಿದ ದಿನವೂ ಹಾಗೆಯೇ. ಊಟ ಮಾಡಿ, ಕೈ ತೊಳೆದು ಒರೆಸಿಕೊಂಡು ಬಂದು ಕುರ್ಚಿಯಲ್ಲಿ ನೆಟ್ಟಗೆ ಕೂತ.

"ಕೈ ತೊಳ್ದೆ. ಕುರ್ಚಿಲೂ ಕೂತೆ. ಇನ್ನು ಕೇಳೂಕೆ ಅಡ್ಡಿ ಇಲ್ಲ ಅಲ್ದಾ ಅಕ್ಕಾ?"

ಹಳೆಯ ಬಲೆ ತೇಪೆ ಹಾಕುವ ಹಂತವನ್ನೂ ದಾಟಿತ್ತು. ಹೊಸದಕ್ಕೆ ಹಣ ಬೇಕಿತ್ತು. ಕೊಟ್ಟೆ. ಕಂತಿನ ಕ್ರಮವನ್ನೂ ಹೇಳಿದೆ. ಅವನು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ.

ಮೊದಲಿನ ಕಂತುಗಳು ಸರಿಯಾಗಿ ಬಂದವು. ಆಮೇಲೆ ಸಮುದ್ರ ಕೈಕೊಟ್ಟಿತು. ದಂಡೆಗೆ ಮೀನು ಬರುವ ಕಾಲದಲ್ಲೇ ಬರಲಿಲ್ಲ. ಒಂದು ರವಿವಾರ ತಮ್ಮ ಸಂತೆಗೆ ಬರಲಿಲ್ಲ. ಮತ್ತೊಂದು ರವಿವಾರ ಸಂತೆಗೆ ಬಂದಿದ್ದನಂತೆ, ಮನೆಗೆ ಬರಲಿಲ್ಲ. ಫೋನ್ ಮಾಡಿದರೆ, "ಅಕ್ಕಾ, ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ" ಎಂದು ಬಹಳ ಸ್ಪಷ್ಟವಾಗಿ ಕೇಳಿಸುವ ದನಿಯಲ್ಲಿ ಹೇಳಿ ಇಟ್ಟುಬಿಡುತ್ತಿದ್ದ.

"ಹಣವೂ ಹೋಯ್ತು, ಬಂಗಡೆಯೂ ಹೋಯ್ತು," ಎಂದರು ಯಜಮಾನರು.

ನನಗೆ ನಗು ಬರಲಿಲ್ಲ. ನಮ್ಮ ತಾಯಿಯ ಮಕ್ಕಳಲ್ಲಿ ಉಳಿದವರು ನಾವಿಬ್ಬರೇ. ಇವನೂ ಪಾತ್ರೆ ಅಂಗಡಿ ಹೊಕ್ಕರೆ, ನನ್ನನ್ನು ಅಕ್ಕಾ ಎಂದು ಕರೆಯುವವರು ಯಾರೂ ಉಳಿಯುವುದಿಲ್ಲ. ಸಾಲವನ್ನು ಬಿಟ್ಟೆ ಎಂದು ಹೇಳಿಬಿಡೋಣವೆಂದರೆ ಅದು ಇನ್ನೂ ಕೆಟ್ಟದ್ದು. ದಾನ ಪಡೆದವನು ಸಾಲ ಪಡೆದವನಿಗಿಂತ ದೂರ ಕೂರುತ್ತಾನೆ.

ಮರುದಿನ ಬೆಳಿಗ್ಗೆ, ಬಟ್ಟೆ ಒಗೆಯುವ ದಿನವಾಗಿದ್ದರೂ ಒಗೆಯದೆ, ಅಂಕೋಲಾ ಬಸ್ಸು ಹತ್ತಿದೆ. ಹೆದ್ದಾರಿಯಲ್ಲಿ ಇಳಿದು ರಿಕ್ಷಾ ಹಿಡಿದು ಬೇಲೆಕೇರಿಯ ದಂಡೆಗೆ ಹೋದೆ. ಬಲೆ ಆಗಷ್ಟೇ ನೀರಿಗೆ ಬಿದ್ದಿತ್ತು. ಆ ತುದಿಯಲ್ಲಿ ಸಾಕಷ್ಟು ಜನ ಹಗ್ಗ ಹಿಡಿದಿದ್ದರು. ಈ ತುದಿಯಲ್ಲಿ ಕೈ ಕಡಿಮೆ. ತಮ್ಮ ನನ್ನನ್ನು ನೋಡಿದ. ನೋಡಿದವನೇ ಬಗ್ಗಿ, ಗಂಟೇ ಇಲ್ಲದ ಹಗ್ಗದಲ್ಲಿ ಗಂಟು ಬಿಚ್ಚತೊಡಗಿದ.

"ಮುಂದಿನ ತಿಂಗ್ಳು ಕೊಡ್ತೆ ಅಕ್ಕಾ," ಎಂದ, ತಲೆ ಎತ್ತದೆ.

"ನಾ ಹಣ ಕೇಳೂಕೆ ಬಂದದ್ದಲ್ಲ."

"ಮತ್ತೆಂತಕ್ಕೆ ಬಂದೆ, ಬಸ್ಸಿಗೆ ದುಡ್ಡು ಹಾಕಿ?"

"ನಿನ್ನ ಮುಖ ನೋಡೂಕೆ. ಅದೂ ಕಾಣ್ತಿಲ್ಲ. ಬರೀ ಬೆನ್ನು ಕಾಣ್ತದೆ."

ಬಲೆ ನಡೆಸುವ ಹಿರಿಯನನ್ನು ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಅಪ್ಪನ ಕಾಲದ ಮನುಷ್ಯ, ನನ್ನನ್ನು ಲಂಗದಲ್ಲಿ ನೋಡಿದವನು. ಅವನು ದೂರದಿಂದಲೇ ಕೂಗಿದ. "ಅಕ್ಕ ತಮ್ಮನ ಪಂಚಾಯ್ತಿ ಆಮೇಲೆ. ಕೈ ಖಾಲಿ ಇದ್ದವ್ರು ಹಗ್ಗ ಹಿಡೀರಿ."

ನನ್ನ ಕೈ ಖಾಲಿ ಇತ್ತು. ಚಪ್ಪಲಿ ಬಿಟ್ಟು, ಸೆರಗು ಬಿಗಿದು, ತಮ್ಮನ ಹಿಂದೆ ನಿಂತು ಹಗ್ಗ ಹಿಡಿದೆ. ಎಳೆಯುವವರು ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಎಳೆಯುತ್ತಿದ್ದರು. ಅದನ್ನು ನೋಡಿ ಸುಮ್ಮನಿರಲು ನನ್ನಿಂದ ಆಗಲಿಲ್ಲ. "ಎಲ್ಲರೂ ಒಟ್ಟಿಗೆ, ನಾ ಹೇಳ್ದಾಗ," ಎಂದು ಒಂದು, ಎರಡು ಹೇಳತೊಡಗಿದೆ.

"ನಿಧಾನ ಮಾರಾಯ್ತಿ," ಎಂದ ತಾಂಡೇಲ. "ಇವ್ರಿಗೆ ಯಾರಿಗೂ ಜ್ವರ ಬಂದಿಲ್ಲ."

ಎಲ್ಲರೂ ನಕ್ಕರು. ಮುಂದೆ ನಿಂತ ತಮ್ಮನ ಹೆಗಲು ಅಲುಗಿತು. ಅವನೂ ನಗುತ್ತಿದ್ದಾನೆಂದು ಗೊತ್ತಾಯಿತು.

ಬಲೆ ಮೇಲೆ ಬಂದಾಗ ಅದರಲ್ಲಿದ್ದದ್ದು ಹೆಚ್ಚಾಗಿ ಸಣ್ಣ ತಾರ್ಲೆ ಮೀನು, ಅಲ್ಲೊಂದು ಇಲ್ಲೊಂದು ಬಂಗಡೆ. ತಾಂಡೇಲ ಮರಳಿನ ಮೇಲೆ ಪಾಲು ಹಾಕಿದ. ಬಲೆಗೂ ದೋಣಿಗೂ ಇಷ್ಟು, ಎಳೆದವರಿಗೆ ಇಷ್ಟು. ನನ್ನ ಕಾಲ ಬುಡದಲ್ಲೂ ಒಂದು ಗುಪ್ಪೆ ಬಿತ್ತು.

"ನನಗೆ ಬೇಡ," ಎಂದೆ.

"ಬೇಡ ಅಂದ್ರೆ ಆಗೂದಿಲ್ಲ. ಹಗ್ಗ ಮುಟ್ಟಿದವ್ರನ್ನ ಬರಿಗೈಲಿ ಕಳ್ಸುವ ಪದ್ಧತಿ ಇಲ್ಲಿಲ್ಲ."

ಚಿಕ್ಕಂದಿನಿಂದ ನೋಡಿದ ಪದ್ಧತಿ ಅದು. ಆದರೆ ಆ ದಿನ ಅದರಲ್ಲಿ ಬೇರೊಂದು ಸಂಗತಿ ಕಣ್ಣಿಗೆ ಬಿತ್ತು. ಗುಪ್ಪೆಗಳೆಲ್ಲ ಒಂದು ಹೊತ್ತಿನ ಸಾರಿಗೆ ಸಾಲುವಷ್ಟೇ ಇದ್ದವು. ಆದರೂ ಅಲ್ಲಿ ಯಾರೂ ಯಾರಿಂದಲೂ ಮುಖ ಮರೆಸಿಕೊಳ್ಳಲಿಲ್ಲ. ಸಮುದ್ರ ಕಡಿಮೆ ಕೊಟ್ಟಿತು, ಎಲ್ಲರಿಗೂ ಕಡಿಮೆ ಬಂತು, ಬೈದುಕೊಂಡು ಬುಟ್ಟಿ ಎತ್ತಿಕೊಂಡರು. ನನ್ನ ಕಂತು ಮಾತ್ರ ಮೀನು ಬಿದ್ದ ತಿಂಗಳಿಗೂ ಬೀಳದ ತಿಂಗಳಿಗೂ ಒಂದೇ. ತಲೆ ತಗ್ಗಿಸುವ ಕೆಲಸವೆಲ್ಲ ತಮ್ಮನೊಬ್ಬನ ಪಾಲಿಗೆ.

ಎಲ್ಲರೂ ಹೋದ ಮೇಲೆ ದೋಣಿಯ ನೆರಳಲ್ಲಿ ಕೂತು ಅವನಿಗೆ ಹೇಳಿದೆ.

"ಸಾಲದ ಲೆಕ್ಕ ಇವತ್ತಿಗೆ ಮುಗೀತು. ಉಳಿದ ಹಣಕ್ಕೆ ನಂಗೆ ಬಲೆಯಲ್ಲಿ ಪಾಲು ಕೊಡು."

ಅವನ ಮುಖ ಬಿಗಿಯಿತು. "ಧರ್ಮಕ್ಕೆ ಕೊಡೂಕೆ ಬಂದ್ಯಾ? ನಂಗೆ ಬೇಡ."

"ಧರ್ಮಕ್ಕೆ ಕೊಡುವಷ್ಟು ಪೆನ್ಶನ್ ನಂಗಿಲ್ಲ. ಅರ್ಧ ಬಲೆ ನಂದು. ಮೀನು ಬಿದ್ರೆ ಬಲೆಯ ಪಾಲಲ್ಲಿ ಅರ್ಧ ತಂದ್ಕೊಡು. ಬೀಳದಿದ್ರೆ ಬಂದು ಬಿದ್ದಿಲ್ಲ ಅಂತ ಹೇಳು. ಹೇಳೂಕೆ ಮಾತ್ರ ಬರ್ಲೇಬೇಕು."

ಅವನು ಮರಳಿನಲ್ಲಿ ಬೆರಳಾಡಿಸುತ್ತ ಯೋಚಿಸಿದ. ಇದು ವ್ಯವಹಾರವೆಂದು ಅವನಿಗೆ ಅನ್ನಿಸಿರಬೇಕು, ದನಿ ಬದಲಾಯಿತು.

"ಬಲೆ ಹರಿದ್ರೆ?"

"ಅರ್ಧ ಖರ್ಚು ನಂದು."

"ಕಲ್ಲಿಗೆ ಸಿಕ್ಕಿ ಹರಿದ್ರೆ? ಅದು ಬೇರೆ ನಮೂನಿ ಹರೀತದೆ."

"ಅದೂ."

"ಕೈ ಕಮ್ಮಿ ಬಿದ್ದಾಗ ಪಾಲು ಇದ್ದವ್ರು ಎಳೂಕೆ ಬರ್ಬೇಕಾಗ್ತದೆ. ಬಟ್ಟೆ ಒಗೂದದೆ ಅಂದ್ರೆ ಕೇಳೂದಿಲ್ಲ."

"ಬರ್ತೆ."

"ಭಾವನ್ನ ಕೇಳ್ಬೇಕಾ?"

"ಅವ್ರಿಗೆ ಬಲೇಲಿ ಪಾಲಿಲ್ಲ."

ಆಗ ಅವನು ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿದ. "ಹಾಗಾರೆ ಈಗ್ಲೇ ಹೇಳ್ಬಿಡ್ತೆ. ಬಲೆಗೆ ಕಟ್ಟಿದ ಸೀಸದ ಗುಂಡು ಸಾಲೂದಿಲ್ಲ. ಇನ್ನೂ ಸ್ವಲ್ಪ ತಕಬೇಕು. ಅರ್ಧ ದುಡ್ಡು ನಿಂದು."

ಸಾಲ ಕೇಳುವಾಗ ಕೈ ತೊಳೆದು ಕೂತಿದ್ದ ಮನುಷ್ಯ ಈಗ ಮೀನಿನ ಕೈಯನ್ನೇ ಚಾಚಿದ್ದ. ನಾನು ಪರ್ಸ್ ತೆಗೆದೆ.

ಮುಂದಿನ ರವಿವಾರ ಅವನು ಬಂದ. ಬರಿಗೈಯಲ್ಲಿ ಬಂದ, ಆದರೆ ಬಾಗಿಲಿನಿಂದಲೇ ದೂರುತ್ತ ಬಂದ. "ನಿನ್ ಬಲೆ ಎಂತಾ ಬಲೆ ಅಕ್ಕಾ. ಮೂರು ಸಲ ಬಿಟ್ರೆ ಮೂರೂ ಸಲ ಜೆಲ್ಲಿ ಮೀನು." ಹೊಟ್ಟೆ ತುಂಬ ಉಂಡು, ಬಡಿಸಿದ ಸಾರಿಗೆ ಹುಳಿ ಕಡಿಮೆಯೆಂದೂ ಹೇಳಿ ಹೋದ. ಸಾಲಗಾರನಾಗಿದ್ದಾಗ ಆ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ.

ಆಮೇಲೆ ಕೆಲವು ರವಿವಾರ ಬುಟ್ಟಿ ತುಂಬಿದೆ, ಕೆಲವು ರವಿವಾರ ಸುದ್ದಿ ಮಾತ್ರ. ಕೊಟ್ಟದ್ದು ಬಂತೇ ಎಂದು ಯಜಮಾನರು ಆಗಾಗ ಬಾಯಿಲೆಕ್ಕ ಹಾಕುತ್ತಾರೆ. ಬಂದಿಲ್ಲ. ಗುಂಡು, ಹಗ್ಗ, ನೂಲು ಎಂದು ಇನ್ನಷ್ಟು ಹೋಗಿದೆ. ಲೆಕ್ಕ ಹಾಕುತ್ತಲೇ ಅವರು ಬಂಗಡೆಯ ಎರಡನೇ ತುಂಡಿಗೆ ಕೈ ಹಾಕುತ್ತಾರೆ. ಕೈ ಕಡಿಮೆ ಬಿದ್ದ ದಿನ ನನಗೂ ಕರೆ ಬರುತ್ತದೆ. ಹೋಗುತ್ತೇನೆ. ಆ ದಿನಗಳಲ್ಲಿ ಬಟ್ಟೆ ಒಗೆಯುವವರು ಯಜಮಾನರು.

ಈ ಮಳೆಗಾಲದಲ್ಲಿ ಒಂದು ಹೊಸ ಸಮಸ್ಯೆ ಎದ್ದಿತು. ಸಮುದ್ರಕ್ಕೆ ಇಳಿಯದ ಈ ತಿಂಗಳುಗಳಲ್ಲಿ ತಮ್ಮನಿಗೆ ಕಾರವಾರದಲ್ಲಿ ಕೆಲಸವಿರುವುದಿಲ್ಲ, ಬರಲಾರನೆಂದುಕೊಂಡಿದ್ದೆ. ಒಂದು ದಿನ ಟೆಂಪೋದಲ್ಲಿ ಬಂದಿಳಿದ, ಜೊತೆಗೆ ದೊಡ್ಡ ಮೂಟೆ.

"ಎಂತದದು?" ಎಂದೆ.

"ಬಲೆ. ಸಿಕ್ಕಲ್ಲೆಲ್ಲ ಹರಿದದೆ. ಅಲ್ಲಿ ಮನೇಲಿ ಸೋರ್ತದೆ, ಬಿಡಿಸಿ ಹಾಕೂಕೆ ಜಾಗ ಇಲ್ಲ. ಅರ್ಧ ಬಲೆ ನಿಂದಲ್ದಾ, ಅರ್ಧ ಮಳೆಗಾಲ ಇಲ್ಲೇ ಕೂತು ಹೊಲೀತೆ."

ಈಗ ನಮ್ಮ ಹಜಾರದ ತುಂಬ ಬಲೆ. ಮನೆಯೆಲ್ಲ ಉಪ್ಪು ಮತ್ತು ಒಣಮೀನಿನ ವಾಸನೆ. ಸಂಜೆ ಇಂತಿಷ್ಟು ಹೊತ್ತಿಗೆ ಮಡಿಸಿ ಮೂಲೆಗಿಡಬೇಕೆಂದು ಕ್ರಮ ಹಾಕಿದ್ದೇನೆ. ಅವನು ಆಯ್ತೆನ್ನುತ್ತಾನೆ, ಮಡಿಸುವುದಿಲ್ಲ. ಕಿಟಕಿಯ ಬಳಿ ಕಾಲು ಚಾಚಿ ಕೂತು ಹೊಲಿಯುತ್ತ, ನಾನು ಸೀರೆ ಎತ್ತಿ ಹಿಡಿದು ಬಲೆ ದಾಟುವಾಗ ಹೇಳುತ್ತಾನೆ, "ನೋಡ್ಕೊಂಡು ಅಕ್ಕಾ. ನೀ ಮೆಟ್ಟಿದ್ದು ನನ್ನ ಅರ್ಧ."