ಚಮಚ ತಳಕ್ಕೆ ಇಳಿಯಬೇಕು

ಅವರ ಬಲಗೈಯ ತೋರುಬೆರಳಿನ ಉಗುರಿನಡಿಯಲ್ಲಿ ಯಾವಾಗಲೂ ಒಂದು ಕಂದು ಗೆರೆ ಇರುತ್ತಿತ್ತು. ನಮ್ಮ ಕಡೆ ಎಷ್ಟೋ ಹೆಂಗಸರು ಬೆಳಗ್ಗೆ ಎದ್ದು ಹಲ್ಲಿಗೆ ಮಿಶ್ರಿ ತಿಕ್ಕುತ್ತಾರೆ. ಸುಟ್ಟ ತಂಬಾಕಿನ ಆ ಪುಡಿ ಇದೇ ಬೆರಳಿನ ಇದೇ ಜಾಗದಲ್ಲಿ ಕೂತಿರುತ್ತದೆ. ಮಿರಜದಲ್ಲಿ ನರ್ಸಾಗಿ ಆಯುಷ್ಯ ಕಳೆದವಳು ನಾನು, ಅಂಥ ಉಗುರು ಕಂಡರೆ ಸುಮ್ಮನೆ ದಾಟಿ ಹೋಗುವ ಅಭ್ಯಾಸವಿಲ್ಲ. ನಿವೃತ್ತಳಾಗಿ ಸಾಂಗಲಿ–ಮಿರಜ ರಸ್ತೆಯ ಬದಿಯ ಅಪಾರ್ಟ್‌ಮೆಂಟಿಗೆ ಬಂದ ವಾರದಲ್ಲೇ ಎದುರು ಮನೆಯ ಹೆಂಗಸನ್ನು ಮೆಟ್ಟಿಲ ಮೇಲೆ ತಡೆದು ಕೇಳಿದೆ: “ಮಿಶ್ರಿ ಹಚ್ಚತೀರೇನ್ರಿ? ಬಿಡ್ರಿ ಅದನ್ನ. ಬಾಯಿ ಕೆಡತೈತಿ.”

ಅವರು ಬೆರಳನ್ನು ನನ್ನ ಮೂಗಿನ ಹತ್ತಿರ ತಂದರು. “ವಾಸನಿ ನೋಡ್ರಿ.”

ಚಾಕೊಲೇಟಿನ ವಾಸನೆ.

“ಕೋಕೋರಿ ಅದು! ಜೈನರಾಕಿ ನಾ, ತಂಬಾಕ ಮುಟ್ಟತೀನೇನ? ರಿಟಾಯರ್ ಆದ್ರೂ ವಾರ್ಡ್ ಬೆನ್ನಿಗಿ ಕಟಗೊಂಡ ಬಂದೀರಿ ನೋಡ್ರಿ, ಸಿಸ್ಟರ್‌ಬಾಯಿ!” ಎಂದು ನಕ್ಕು ಮೆಟ್ಟಿಲನ್ನು ಹುಡುಗಿಯಂತೆ ಓಡುತ್ತ ಇಳಿದು ಹೋದರು.

ಅಂದಿನಿಂದ ಅವರಿಗೆ ನಾನು ಸಿಸ್ಟರ್‌ಬಾಯಿ, ನನಗೆ ಅವರು ವೈನಿ, ಅಂದರೆ ಅತ್ತಿಗೆ.

ವೈನಿ ಪಾರ್ಟಿಗಳಿಗೆ ಚಾಕೊಲೇಟ್ ಪುಡಿಂಗ್ ಮಾಡಿಕೊಡುತ್ತಿದ್ದರು. ಪುಡಿಂಗ್ ಎಂದರೆ ಕಡಿಮೆ ಹೇಳಿದಂತಾಯಿತು. ದೊಡ್ಡ ಗಾಜಿನ ಬೋಗುಣಿಯ ತಳದಲ್ಲಿ ಬೆಣ್ಣೆ ಹಾಕಿ ಕಲಸಿದ ಬಿಸ್ಕತ್ತಿನ ಪುಡಿ, ಅದರ ಮೇಲೆ ಹೊಸ ಡಾಂಬರಿನಂತೆ ಹೊಳೆಯುವ ಕಪ್ಪು ಚಾಕೊಲೇಟು, ಅದರ ಮೇಲೆ ಬಿಳಿ ಕೆನೆ, ಆಮೇಲೆ ಕಾಫಿ ಕುಡಿಸಿದ ಮೆತ್ತನೆಯ ಕೇಕು, ಮತ್ತೆ ಹಾಲು ಬೆರೆಸಿದ ತಿಳಿಗಂದು ಚಾಕೊಲೇಟು, ಎಲ್ಲದರ ತಲೆಯ ಮೇಲೆ ಹುರಿದ ಗೋಡಂಬಿಯ ಚೂರು. ಮೊಟ್ಟೆ ಸೋಂಕುವಂತಿಲ್ಲ. ಎಲುಬಿನಿಂದ ತೆಗೆಯುತ್ತಾರೆಂದು ಜಿಲೆಟಿನ್ ಕೂಡ ಒಳಗೆ ಬರುವಂತಿಲ್ಲ, ಗಟ್ಟಿಯಾಗಲು ಕಡಲ ಪಾಚಿಯ ಚೈನಾ ಗ್ರಾಸ್ ಮಾತ್ರ. ನೀರೂ ಬಟ್ಟೆಯಲ್ಲಿ ಸೋಸಿದ್ದೇ ಆಗಬೇಕು. ಹೊರಗಿನಿಂದ ನೋಡಿದರೆ ಒಂದೊಂದು ಪದರೂ ಸೀರೆಯ ಅಂಚಿನಂತೆ ನೇರವಾಗಿ ಕಾಣಬೇಕು. ಪದರಿಗೆ ಅವರು ಮರಾಠಿಯವರಂತೆ ಥರ ಎನ್ನುತ್ತಿದ್ದರು. “ಥರಾ ಕೂಡಬಾರ್ದ್ರಿ. ಕೂಡಿದ್ರ ಅದು ಪುಡಿಂಗ್ ಅಲ್ಲ, ರಾಡಿ.”

ಒಂದು ಥರ ಗಟ್ಟಿಯಾಗುವ ತನಕ ಇನ್ನೊಂದನ್ನು ಸುರಿಯುವಂತಿಲ್ಲ. ಅಂದರೆ ಈ ಕೆಲಸದ ಬಹುಪಾಲು ಸುಮ್ಮನೆ ಕಾಯುವುದು. ವೈನಿಗೆ ಬಾರದ ಕೆಲಸ ಅದೊಂದೇ. ಕುರ್ಚಿಯಲ್ಲಿ ಕೂತರೆ ಬಲಗಾಲಿನ ಪಾದ ಹೊಲಿಗೆ ಯಂತ್ರ ತುಳಿಯುವಂತೆ ಅಲುಗುತ್ತಿತ್ತು. ಚಹಾ ಅರ್ಧ ಕುಡಿದು ಬಾಲ್ಕನಿಯ ಬಟ್ಟೆ ತೆಗೆಯಲು ಏಳುವರು. ಬಟ್ಟೆ ಅರ್ಧ ಮಡಚಿ ಯಾರಿಗೋ ಫೋನ್ ಹಚ್ಚುವರು. ಮಾತಾಡುತ್ತಲೇ ಹೋಗಿ ಫ್ರಿಜ್ ತೆಗೆಯುವರು. ತೆಗೆದಷ್ಟೂ ತಂಪು ಹೊರಗೆ ಹೋಗಿ ಥರ ಗಟ್ಟಿಯಾಗುವುದು ತಡವಾಗುತ್ತಿತ್ತು. ತಡವಾಯಿತೆಂದು ಅವರು ಮತ್ತೆ ತೆಗೆಯುವರು. ನಾನು ಒಂದು ದಿನ ನೋಡಿದೆ, ಎರಡನೆಯ ದಿನ ಸಹಿಸಲಾಗಲಿಲ್ಲ. ನಮ್ಮೂರು ಲಿಂಗನೂರಿನ ಹೊಲದಿಂದ ಹುಡುಗಿಯಾಗಿದ್ದಾಗಲೇ ನರ್ಸಿಂಗ್ ಹಾಸ್ಟೆಲ್ ಸೇರಿದವಳು ನಾನು; ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು, ಹಾಸಿಗೆಯ ಮೂಲೆ ಹೇಳಿದ ಹಾಗೆಯೇ ಮಡಚುವುದು ನನಗೆ ಉಸಿರಾಟದಷ್ಟು ರೂಢಿ. ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂತೆ.

“ಏನ್ರಿ ಇದು? ಆಪರೇಷನ್ ಥಿಯೇಟರ್ ಏನ?”

“ಹೂಂ. ಒಳಗ ಪೇಷಂಟ್ ಐತಿ. ನೆಂಟರು ಹೊರಗ ಕುಂದ್ರಬೇಕು.”

“ಒಂದ ಸಲ ಇಣಿಕಿ ನೋಡತೀನ್ರಿ.”

“ಕುಂದ್ರಿ, ವೈನಿ.”

ಹೀಗೆ ನಾನು ಅವರ ಅಡುಗೆಮನೆಯ ಕಾವಲುಗಾರ್ತಿಯಾದೆ. ನಿವೃತ್ತಿಯಾದ ಮೇಲೆ ನನ್ನ ಕೈಗಡಿಯಾರಕ್ಕೆ ಸಿಕ್ಕ ಮೊದಲ ಕೆಲಸ ಅದು. ಆದರೆ ಗಡಿಯಾರವನ್ನು ಅವರು ಪೂರ್ತಿ ನಂಬುತ್ತಿರಲಿಲ್ಲ. ಥರ ತಯಾರಾಗಿದೆಯೋ ಇಲ್ಲವೋ ಎಂದು ಹೇಳುವುದು ಅದೇ ಕಂದು ಗೆರೆಯ ಬೆರಳು. “ಬೆರಳಿಗಿ ಅಂಟಬಾರ್ದು. ಆದ್ರ ಬೆರಳಿನ ಗುರ್ತ ಉಳೀಬೇಕು. ಅವಾಗ ಮ್ಯಾಲಿಂದ ಸುರವಬೇಕು. ಪೂರಾ ಕಲ್ಲಾತಂದ್ರ ಎರಡೂ ಥರಾ ಹಿಡಕೊಳ್ಳೂದಿಲ್ಲ, ಚಮಚಾ ಹಾಕಿದ ಕೂಡ್ಲೆ ಜಾರಿ ಬೀಳತಾವು.” ಬಾವು ಬಂದ ಕಾಲನ್ನು ನಾವು ವಾರ್ಡಿನಲ್ಲಿ ಹಾಗೆಯೇ ಒತ್ತಿ ನೋಡುತ್ತಿದ್ದೆವು. ಹೇಳಿದರೆ ಅವರು ಮುಖ ಸಿಂಡರಿಸಿದರು. “ಥೂ! ತಿನ್ನೂ ವಸ್ತುದ ಮುಂದ ಎಂಥಾ ಮಾತ್ರಿ!”

ಜೈನರ ನೇಮದಂತೆ ಅವರು ಹೊತ್ತು ಮುಳುಗಿದ ಮೇಲೆ ಏನನ್ನೂ ತಿನ್ನುತ್ತಿರಲಿಲ್ಲ. ಪಾರ್ಟಿಗಳು ಶುರುವಾಗುವುದೇ ದೀಪ ಹಚ್ಚಿದ ಮೇಲೆ. ಹೀಗಾಗಿ ತಮ್ಮ ಪುಡಿಂಗನ್ನು ಅವರು ಯಾವ ಪಾರ್ಟಿಯಲ್ಲೂ ತಿಂದವರಲ್ಲ. ಕತ್ತಲಾದ ಮೇಲೆ ರುಚಿಯ ಬಗ್ಗೆ ಅನುಮಾನ ಬಂದರೆ ಚಮಚ ಹಿಡಿದು ನನ್ನ ಬಾಗಿಲಿಗೆ ಬರುವರು. “ಬಾಯಿ ತಗೀರಿ.” ನಾನು ರುಚಿ ನೋಡಿ, ಸಿಹಿ ಸರಿಯಿದೆ, ಕಹಿ ಸ್ವಲ್ಪ ಹೆಚ್ಚು, ಬೇರೆ ತೊಂದರೆ ಇಲ್ಲ ಎನ್ನುವೆ.

“ರುಚಿ ಕೇಳಿದ್ರ ಜ್ವರದ ಚಾರ್ಟ್ ಓದತೀರಲ್ರಿ! ಛಲೋ ಐತೇನ ಇಲ್ಲ, ಅದನ್ನ ಹೇಳ್ರಿ.”

“ಛಲೋ ಐತಿ.”

“ಎಷ್ಟ ಛಲೋ?” ಎಂದು ಪಾದ ಅಲುಗಿಸುತ್ತ ಅಲ್ಲೇ ನಿಲ್ಲುವರು.

ಒಮ್ಮೆ ಸಾಂಗಲಿಯಲ್ಲಿ ಒಂದು ಮದುವೆ ನಿಶ್ಚಯದ ಪಾರ್ಟಿ. ಉರಿ ಬೇಸಿಗೆ. ಬೋಗುಣಿಗಳ ಸುತ್ತ ಐಸು, ಐಸಿನ ಮೇಲೆ ಒದ್ದೆ ಗೋಣಿ. ರಿಕ್ಷಾದಲ್ಲಿ ನಾವಿಬ್ಬರೂ ಒಂದೊಂದು ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆವು. ರಸ್ತೆಯ ಪ್ರತಿ ಗುಂಡಿಗೂ ವೈನಿ ಡ್ರೈವರನ ಹೆಗಲು ತಟ್ಟುತ್ತಿದ್ದರು. ಅವನು ತಿರುಗಿ, “ಕಾಕೂ, ಒಳಗ ಬಾಣಂತಿ ಕುಂತಾಳೇನ?” ಎಂದ. “ಹೂಂ, ಹಂಗ ತಿಳಕೊಂಡ ನಡಸಪಾ” ಎಂದರು.

ಪಡಸಾಲೆಯಲ್ಲಿ ಬೋಗುಣಿಗಳನ್ನಿಟ್ಟ ಮೇಲೆ ನಮ್ಮ ಕೆಲಸ ಮುಗಿದಿತ್ತು. ಅವರು ಹೊರಡಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ತಿನ್ನುವವರ ಕೈಗಳನ್ನೇ ನೋಡತೊಡಗಿದರು. ತಲೆಗೆ ಫೇಟಾ ಸುತ್ತಿದ ದಪ್ಪ ಹಿರಿಯರೊಬ್ಬರು ಮೇಲಿನ ಗೋಡಂಬಿಯನ್ನೂ ತಿಳಿಗಂದು ಚಾಕೊಲೇಟನ್ನೂ ಕೆರೆದು ಕೆರೆದು ತಟ್ಟೆಗೆ ಹಾಕಿಕೊಳ್ಳುತ್ತಿದ್ದರು. ವೈನಿಯ ಪಾದ ಶುರುವಾಯಿತು. “ನೋಡ್ರಿ, ನೋಡ್ರಿ, ಮ್ಯಾಲಿಂದಷ್ಟ ತಗೋತಾರ.” ನಾನು ಸೆರಗು ಹಿಡಿಯುವಷ್ಟರಲ್ಲಿ ಅವರು ಪಡಸಾಲೆಯ ನಡುವೆ ಇದ್ದರು. “ಕಾಕಾ, ಚಮಚಾ ತಳಕ್ಕ ಇಳಸ್ರಿ! ಎಲ್ಲಾ ಥರಾ ಒಂದ ಸಲಕ್ಕ ಬಾಯಾಗ ಬರಬೇಕು. ಹಂಗ ಕೆರದ ತಿಂದ್ರ ನಾ ದಿನಪೂರ್ತಿ ಯಾಕ ಮಾಡಬೇಕಿತ್ತು?” ಎಂದು ಅವರ ಕೈಯಿಂದ ಚಮಚ ತೆಗೆದುಕೊಂಡು ತಳದ ತನಕ ಇಳಿಸಿ ಎತ್ತಿಕೊಟ್ಟರು. ಆ ಹಿರಿಯರು ಬಾಯಿಗಿಟ್ಟುಕೊಂಡರು, ಕಣ್ಣು ಮುಚ್ಚಿದರು, ಮತ್ತೆ ತಟ್ಟೆ ಚಾಚಿದರು. “ನೀವು ತಿನ್ನಲಿಲ್ಲಲ್ಲವ್ವಾ?” ಎಂದರು. ಕಿಟಕಿಯಾಚೆಯ ಕತ್ತಲನ್ನು ತೋರಿಸಿ ವೈನಿ ಕೈ ಮುಗಿದರು.

ಕಳೆದ ಚಳಿಗಾಲದಲ್ಲಿ ಅವರು ಮೆಟ್ಟಿಲನ್ನು ನಿಂತು ನಿಂತು ಹತ್ತುವುದು ಕಂಡು ಕೈ ಹಿಡಿದು ನನ್ನ ಮನೆಯಲ್ಲಿ ಕೂರಿಸಿದೆ. ಪಾದ ನೋಡಿದೆ. ಕಣಕಾಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ತೆಗೆದೆ. ಗುರುತು ಉಳಿಯಿತು. ಇಬ್ಬರೂ ಅದನ್ನೇ ನೋಡಿದೆವು.

“ಥರಾ ಹಾಕಾಕ ತಯಾರ ಐತಿ ಅನ್ರಿ” ಎಂದರು ವೈನಿ.

ಹೃದಯ ಸೋತಿತ್ತು. ಡಾಕ್ಟರು ಔಷಧ ಕೊಟ್ಟರು, ಬದಲಿಸಿದರು, ಕೊನೆಗೆ ಮನೆಯಲ್ಲೇ ಇರಲಿ, ಬಯಸಿದ್ದು ತಿನ್ನಲಿ ಎಂದರು. ವೈನಿ ಬಯಸಿದ್ದು ಬೇರೆ. ಒಂದೊಂದಾಗಿ ಬಿಡಲು ತೊಡಗಿದರು. ಮೊದಲು ಕರಿದದ್ದು, ಆಮೇಲೆ ತುಪ್ಪ. ಕೊನೆ ಹತ್ತಿರವಾದಾಗ ಹೀಗೆ ನೇಮ ಹಿಡಿದು ಬಿಡುತ್ತ ಹೋಗುವುದಕ್ಕೆ ಅವರಲ್ಲಿ ತ್ಯಾಗ ಎನ್ನುತ್ತಾರೆ. ಮುಂದಿನ ಅಷ್ಟಮಿಯಿಂದ ಸಿಹಿಯನ್ನು ಬಿಡುವುದೆಂದು ನಿಶ್ಚಯಿಸಿದ್ದರು. ಆದರೆ ಹಾಸಿಗೆಯಲ್ಲೂ ಅವರಿಗೆ ನೆಮ್ಮದಿ ಇರಲಿಲ್ಲ. ಕೆಳಗಿನ ಮನೆಯ ಹುಡುಗಿ ಬಸುರಿಯಾಗಿದ್ದಾಗ ಇವರು ಒಂದು ಮಾತು ಕೊಟ್ಟಿದ್ದರು: ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಪುಡಿಂಗ್ ನನ್ನದು ಎಂದು. ಆ ಹುಟ್ಟುಹಬ್ಬ ಅಷ್ಟಮಿ ಕಳೆದ ಮೇಲಿನ ರವಿವಾರ ಬಂದಿತ್ತು.

ಒಂದು ಬೆಳಗ್ಗೆ ವೈನಿ ಮತ್ತೆ ಅದೇ ಮಾತೆತ್ತಿದಾಗ ಅವರ ಸೊಸೆ ಗದರಿದಳು. “ಆಯಿ, ಪಡಕೋರಿ ಸುಮ್ನ. ಬೇಕರಿಯಿಂದ ಕೇಕ್ ತರಸ್ತಾರ ಅವರು.”

“ಮಾತು ನಾ ಕೊಟ್ಟೇನಿ, ಬೇಕರಿಯಾಂವ ಕೊಟ್ಟಾನೇನ?” ಎಂದು ನನ್ನ ಕಡೆ ತಿರುಗಿದರು. “ಸಿಸ್ಟರ್‌ಬಾಯಿ, ನೀವು ಮಾಡ್ರಿ.”

“ನಾನೇ? ನಾ ಬರೇ ಬಾಗಲಾ ಕಾದಾಕಿ.”

“ನಾಳಿ ಅಷ್ಟಮಿ. ಇವತ್ತ ಒಂದ ಸಲ ಮಾಡಿ ಹೊತ್ತ ಮುಳಗೂದ್ರಾಗ ನನಗ ತಿನ್ನಸ್ರಿ. ರುಚಿ ಬಂದೈತಿ ಅಂತ ನನ್ನ ಬಾಯಿಗಿ ಗೊತ್ತಾತಂದ್ರ ಸಾಕು. ಆಮ್ಯಾಲ ನಾ ಕೇಳೂದಿಲ್ಲ.”

“ರವಿವಾರ ಆದ ಮ್ಯಾಲ ಸಿಹಿ ಬಿಟ್ರ ನಡ್ಯಾಂಗಿಲ್ಲೇನ್ರಿ?”

“ರವಿವಾರತನಕಾ ನಾ ಇರತೀನಂತ ಬರದ ಕೊಡತೀರೇನ?”

ಹಾಗೆ ಬರೆದು ಕೊಡಲಾಗದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಅವರ ಅಡುಗೆಮನೆಯಲ್ಲಿ, ಅವರ ಬೋಗುಣಿಯಲ್ಲಿ ಶುರು ಮಾಡಿದೆ. ಅವರು ಒಳಗಿನಿಂದ ಕೂಗಿ ಹೇಳುತ್ತಿದ್ದರು. ಉಸಿರು ಸಿಕ್ಕಷ್ಟು ಹೇಳುವರು, ನಿಲ್ಲುವರು, ಮತ್ತೆ ಹೇಳುವರು. ಬಿಸ್ಕತ್ತು ಸರಿಯಾಯಿತು. ಕಪ್ಪು ಥರ ಸುರಿದು ಫ್ರಿಜ್ಜಿನಲ್ಲಿಟ್ಟೆ. ಮುಂದೆ ಕುರ್ಚಿ ಹಾಕಿಕೊಂಡು ಗಡಿಯಾರ ನೋಡುತ್ತ ಕೂತೆ. ಅವರು ಇಡುತ್ತಿದ್ದಷ್ಟು ಹೊತ್ತನ್ನೇ ಲೆಕ್ಕವಿಟ್ಟು, ಅಷ್ಟೂ ಮುಗಿದ ಮೇಲೆಯೇ ಬಾಗಿಲು ತೆಗೆದೆ. ನನ್ನ ಕಾವಲು ತಪ್ಪಿಸಿ ಅವರು ಅಷ್ಟು ಹೊತ್ತಿನಲ್ಲಿ ಎಷ್ಟು ಸಲ ಫ್ರಿಜ್ ತೆಗೆದು ಮುಚ್ಚುತ್ತಿದ್ದರೆಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬೋಗುಣಿಯನ್ನು ಹಾಸಿಗೆಗೆ ಒಯ್ದೆ. ಅವರು ಬೆರಳಿಟ್ಟರು. ಉಗುರು ಟಕ್ ಎಂದಿತು.

“ಕಲ್ಲಾಗೈತಿ. ಗಡಿಯಾರ ನೋಡಿದ್ರೇನ? ಬೆರಳ ಹಚ್ಚರಿ ಅಂದಿದ್ನಿ.”

ಕಪ್ಪು ಥರವನ್ನು ಬಿಡಿಸಿ, ಕರಗಿಸಿ, ಮತ್ತೆ ಸುರಿದೆ. ಊಟದ ಹೊತ್ತು ದಾಟಿ ಹೋಯಿತು. ಈ ಸಲ ಗಡಿಯಾರ ಬಿಚ್ಚಿ ಕಟ್ಟೆಯ ಮೇಲಿಟ್ಟೆ. ಬೆರಳಿಟ್ಟು ನೋಡಿ ಕೆನೆ ಹಾಕಿದೆ, ಬೆರಳಿಟ್ಟು ನೋಡಿ ಕೇಕು ಹಾಸಿದೆ. ಮೇಲಿನ ತಿಳಿಗಂದು ಥರ ಸುರಿಯುವಾಗ ಬಿಸಿಲು ಅಡುಗೆಮನೆಯ ನೆಲ ಬಿಟ್ಟು ಗೋಡೆ ಹತ್ತಿತ್ತು. ನಾನು ಕುರ್ಚಿಯಲ್ಲಿ ಕೂರಲಿಲ್ಲ. ಫ್ರಿಜ್ಜಿನಿಂದ ಹಾಸಿಗೆಗೆ, ಹಾಸಿಗೆಯಿಂದ ಕಿಟಕಿಗೆ ತಿರುಗುತ್ತಿದ್ದೆ. ಕಿಟಕಿಯಲ್ಲಿ ಹೊತ್ತು ನೀರಿನ ಟಾಕಿಯ ಹಿಂದೆ ಇಳಿಯುತ್ತಿತ್ತು. ಸೊಸೆ ಅತ್ತೆಯನ್ನು ದಿಂಬಿಗೆ ಆನಿಸಿ ಕೂರಿಸಿದ್ದಳು.

“ಕುಂದ್ರಿ, ಸಿಸ್ಟರ್‌ಬಾಯಿ” ಎಂದರು ವೈನಿ. “ಒಳಗ ಪೇಷಂಟ್ ಐತಿ.”

ಟಾಕಿಯ ಕೆಳಗಿನ ಸಂದಿಯಲ್ಲಿ ಕೆಂಪು ಕಂಡಿತು. ನಾನು ಹೋಗಿ ಬಾಗಿಲು ತೆಗೆದೆ. ಬೋಗುಣಿ ಎತ್ತಿದ ಕೂಡಲೇ ಮೇಲಿನ ಥರ ತುಳುಕಿ ಒಂದು ಕಡೆ ಓಡಿತು. ಕೇಕು ಸರಿಯಿತು, ಕೆನೆಯೊಳಗೆ ಕಂದು ಹರಿಯಿತು. ಹಾಗೆಯೇ ಒಯ್ದು ಅವರ ತೊಡೆಯ ಮೇಲಿಟ್ಟೆ.

ಅವರು ಬೆರಳಿಟ್ಟರು. ಬೆರಳು ಮುಳುಗಿತು.

“ಭಾಳ ಲಗೂನ ತಗದ್ರಿ.”

“ಹೊತ್ತ ಮುಳಗಾಕತ್ತೈತ್ರಿ, ವೈನಿ.”

“ಅಷ್ಟ ಗಡಬಡಿ ಮಾಡಿದ್ರ ಹೆಂಗ್ರಿ?” ಎಂದು ನಗಲು ಹೋಗಿ ಕೆಮ್ಮಿದರು. ನಾನು ಚಮಚ ತುಂಬಿ ಬಾಯಿಗಿಟ್ಟೆ. ನಾಲಿಗೆಯ ಮೇಲೆ ಹೊರಳಿಸಿ ನಿಧಾನವಾಗಿ ನುಂಗಿದರು. “ಇದಕ್ಕ ಚಮಚಾ ತಳಕ್ಕ ಇಳಸೂ ಕೆಲಸಾನ ಇಲ್ಲ. ಎಲ್ಲಾ ತಾನ ಮ್ಯಾಲ ಬಂದೈತಿ. ಇನ್ನೊಂದ ಕೊಡ್ರಿ.” ಇನ್ನೊಂದು ಕೊಟ್ಟೆ. ಹೊತ್ತು ಪೂರ್ತಿ ಇಳಿಯುವ ಮುಂಚೆ ಮೂರನೆಯದನ್ನೂ ಕೇಳಿ ತಿಂದರು. ಆಮೇಲೆ ನೀರು ಕುಡಿದು, ಬಾಯಿ ಮುಕ್ಕಳಿಸಿ, ಕೈ ಮುಗಿದು ಕೂತರು. ಹೊದಿಕೆಯ ಕೆಳಗೆ ಅವರ ಪಾದ ಅಲುಗುತ್ತಿರಲಿಲ್ಲ. ನಾನು ಅದನ್ನೇ ನೋಡುತ್ತಿರುವುದು ತಿಳಿದು, “ಕರೀದು ಒಂಚೂರ ಕಹಿ ಆಗೈತಿ. ರವಿವಾರ ಸಕ್ರಿ ಹೆಚ್ಚ ಹಾಕ್ರಿ. ಉಳದ ರುಚಿ ಎಲ್ಲಾ ನಂದ ಐತಿ” ಎಂದರು.

ರವಿವಾರ ಪಾರ್ಟಿ ಮುಗಿಸಿ ಬಂದು ಹಾಸಿಗೆಯ ಪಕ್ಕ ನಿಂತು ವರದಿ ಒಪ್ಪಿಸಿದೆ. ಸಿಹಿ ಸರಿ. ಥರ ನೆಟ್ಟಗೆ ನಿಂತವು. ಬೇರೆ ತೊಂದರೆ ಇಲ್ಲ.

“ಚಮಚಾ ತಳಾ ಮುಟ್ಟಿತೇನ?”

“ಮುಟ್ಟಿತ್ರಿ. ನಾನ ನಿಂತ ಒಬ್ಬೊಬ್ಬರಿಗಿ ಇಳಿಸಿ ಕೊಟ್ನಿ.”

“ನೀವು? ಮಂದ್ಯಾಗ?” ಎಂದು ಬಹಳ ಹೊತ್ತು ನಗುತ್ತ ನನ್ನ ಕೈ ಹಿಡಿದುಕೊಂಡಿದ್ದರು. ಆ ವಾರ ಮುಗಿಯುವ ಮುಂಚೆ, ಒಂದು ಬೆಳಗಿನ ಹೊತ್ತು, ಅವರು ಹೋದರು.

ಬೋಗುಣಿಗಳನ್ನು ಸೊಸೆ ನನಗೇ ಕೊಟ್ಟಳು. ಅಪಾರ್ಟ್‌ಮೆಂಟಿನವರು ಈಗ ಹುಟ್ಟುಹಬ್ಬಗಳಿಗೆ ನನ್ನ ಹತ್ತಿರ ಬರುತ್ತಾರೆ. ನಾನು ಹಿಂದಿನಂತೆಯೇ ಗಂಟೆಗೆ ಏಳುತ್ತೇನೆ, ಗಂಟೆಗೆ ಉಣ್ಣುತ್ತೇನೆ. ಆದರೆ ಪುಡಿಂಗ್ ಮಾಡುವ ದಿನ ಚಹಾ ಅರ್ಧಕ್ಕೇ ಬಿಟ್ಟು ಏಳುತ್ತೇನೆ, ಬಟ್ಟೆ ಅರ್ಧ ಮಡಚಿ ಬಿಡುತ್ತೇನೆ, ಹೋಗಿ ಫ್ರಿಜ್ ತೆಗೆದು ಬೆರಳಿಡುತ್ತೇನೆ. ಆಗಿಲ್ಲ. ಮುಚ್ಚುತ್ತೇನೆ, ಮತ್ತೆ ತೆಗೆಯುತ್ತೇನೆ. ಕುರ್ಚಿ ಅಲ್ಲೇ ಖಾಲಿ ಇರುತ್ತದೆ. ಕುಂದ್ರಿ ಎಂದು ಗದರಲು ಯಾರೂ ಇಲ್ಲ.