ಟೇಪಿನೊಳಗಿನ ಎರಡು ಬೆರಳು

ಸತ್ಯಮಂಗಲದ ಕಾರ್ಖಾನೆಗೆ ಸೇರಿ ಒಂಟಿ ರೂಮು ಹಿಡಿದ ವರ್ಷವೇ ಜಿಮ್ಮಿಗೂ ಸೇರಿದೆ. ಕೋಚ್ ಮೊದಲ ದಿನ ಮೈಯಳತೆ ತೆಗೆದು, "ಬರೀ ತೂಕ ನೋಡ್ಬೇಡಿ. ತೋಳು ಬೆಳೀಬೇಕು, ಸೊಂಟ ಬೆಳೀಬಾರ್ದು. ಮನೇಲಿ ಯಾರ ಕೈಲಾದ್ರೂ ಅಳತೆ ತೆಗೆಸ್ತಾ ಇರಿ" ಎಂದ.

ಮನೆಯಲ್ಲಿ ಯಾರಿದ್ದರು? ಪ್ರತಿ ಭಾನುವಾರ ಬೀದಿ ಕೊನೆಯ ಟೈಲರ್ ಹತ್ತಿರ ಹೋಗತೊಡಗಿದೆ. ಅವರ ಟೇಪಿನಲ್ಲಿ ಕೋಚ್ ತೆಗೆದ ಅಳತೆಗಿಂತ ತೋಳೂ ದಪ್ಪ, ಸೊಂಟವೂ ದಪ್ಪ. ಬೊಜ್ಜು ಬಂತೆಂದು ಸಿಟ್ಟಾಗಿ ರಾತ್ರಿಯ ಮುದ್ದೆ ಬಿಟ್ಟೆ. ಆದರೂ ಸೊಂಟ ಕೋಚ್ ಅಳತೆಗೆ ಇಳಿಯಲಿಲ್ಲ.

ಒಂದು ಭಾನುವಾರ ಬಗ್ಗಿ ನೋಡಿದರೆ ಟೇಪಿನೊಳಗೆ ಅವರ ಎರಡು ಬೆರಳೂ ಇದ್ದವು.

"ಬಟ್ಟೆ ಸಡಿಲ ಇರ್ಬೇಕಲ್ವಾ ಸಾರ್, ಅದೇ ಅಭ್ಯಾಸ. ತೆಗೀಲಾ?" ಎಂದರು.

"ಇರ್ಲಿ ಬುಡಿ" ಎಂದೆ.

ವಾರವಿಡೀ ನನ್ನನ್ನು ಮುಟ್ಟುತ್ತಿದ್ದುದು ಆ ಎರಡು ಬೆರಳು ಮಾತ್ರ.